ತಿದ್ದದೆ ಬಿಟ್ಟ ಕರಡು

ಸೋಮ, ಬುಧ, ಶುಕ್ರ. ಕಂಕನಾಡಿಯಲ್ಲಿ ಮೂರನೇ ಮಾಳಿಗೆ.
ಕಿಟಕಿ ಕಡೆಯ ಹಾಸಿಗೆ ನನ್ನದು, ಪಕ್ಕದ್ದು ಐತಪ್ಪ ಪೂಜಾರಿಯದು.
ನಡುವೆ ಎರಡು ಯಂತ್ರ.
ಅವನ ರಕ್ತ ಎಡಕ್ಕೆ ಹೋಗಿ ಬರುತ್ತದೆ, ನನ್ನದು ಬಲಕ್ಕೆ.
ನಾಲ್ಕು ತಾಸು ಎಲ್ಲಿಗೂ ಎದ್ದು ಹೋಗುವ ಹಾಗಿಲ್ಲ.

"ಸಾಕ್ಷಿ ಹೇಳಲಿಕ್ಕೆ ಇದಕ್ಕಿಂತ ಒಳ್ಳೆ ಜಾಗ ಯಾವುದುಂಟು, ಕರ್ಕಡರೇ?"
ಸಭಾಪಾಲಕರು ಹತ್ತು ಕಿರುಪುಸ್ತಕ ಕೊಟ್ಟಿದ್ದರು.
ಬಲ್ಮಠದ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ
ಕರಡು ತಿದ್ದಿದವನು ನಾನು.
ಮೊದಲ ಪುಟದಲ್ಲೇ ಎರಡು ಒತ್ತಕ್ಷರ ತಪ್ಪಿತ್ತು.

ಆದರೂ ಒಂದು ದಿನ ಬಾಯಿ ತೆರೆದೆ:
"ಐತಪ್ಪಣ್ಣ, ಪಾಪ ತೊಳೆಯುವ ರಕ್ತ ಅಂತ ಒಂದುಂಟು..."
ಅವನು ಕೊಳವೆಯತ್ತ ಗಲ್ಲ ತೋರಿಸಿದ.
"ಇಲ್ಲಿ ರಕ್ತವನ್ನೇ ತೊಳೆಯುತ್ತಾರಲ್ಲ ಮಾರಾಯ್ರೆ,
ಕಾರ್ಡು ಇದ್ದರೆ ಫ್ರೀ."
ಸೂಜಿ ಚುಚ್ಚುವ ಹುಡುಗಿ ಸ್ವೀಡಲ್ ನಕ್ಕಳು. ನಾನೂ.
ಪುಸ್ತಕಗಳು ಚೀಲದಲ್ಲೇ ಉಳಿದವು, ಬಿಸ್ಕೆಟಿನ ಪುಡಿಯ ಜೊತೆ.

ಬೇರೆ ಮಾತಿಗೇನು ಬರ.
ಮುಡಿಪಿನಾಚೆ ಅವನು ಹತ್ತುತ್ತಿದ್ದ ಅರುವತ್ತು ಮರ,
ಒಂದೊಂದರ ಸಿಟ್ಟು, ಒಂದೊಂದರ ಔದಾರ್ಯ.
ನನ್ನ ಸೀಸದ ಅಚ್ಚುಮೊಳೆಗಳು, ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತ ಅಕ್ಷರಗಳು.
ಈಗ ಇಬ್ಬರಿಗೂ ಬೊಂಡ ವಿಷ,
ದಿನಕ್ಕೆ ಮುಕ್ಕಾಲು ಲೀಟರ್ ನೀರು, ಸಾರು ಮಜ್ಜಿಗೆ ಎಲ್ಲ ಸೇರಿ.
ರಾತ್ರಿ ನಲ್ಲಿ ತೊಟ್ಟಿಕ್ಕಿದರೆ ಎಚ್ಚರಾಗುತ್ತದೆ ಅಂದ.
ನನಗೂ, ಅಂದೆ.
ಆಮೇಲೆ ನಾವು ಬಹುವಚನ ಬಿಟ್ಟೆವು.

ಶುಭ ಶುಕ್ರವಾರವೂ ಶುಕ್ರವಾರವೇ, ಯಂತ್ರಕ್ಕೆ ರಜೆಯಿಲ್ಲ.
ಆರಾಧನೆ ತಪ್ಪಿತು. ನನ್ನ ತುಟಿ ಅಲುಗುವುದು ಕಂಡು
"ಏನು ಲೆಕ್ಕ ಹಾಕುತ್ತಿ?" ಅಂದ.
ಏಳು ಮಾತು, ಅಂದೆ. ಶಿಲುಬೆಯ ಮೇಲಿಂದ ಆಡಿದ್ದು.
ಒಂದೊಂದನ್ನೇ ತುಳುವಿಗೆ ತಿರುಗಿಸುತ್ತ ಹೋದೆ.
ಐದನೆಯದು: ನೀರಡಿಕೆಯಾಗಿದೆ.
ಎಷ್ಟು ಸಲ ಆ ಪದದ ಮೇಲೆ ಕಣ್ಣಾಡಿಸಿದ್ದೆನೋ,
ಡಕಾರದ ಗುಡಿಸು ಮುರಿದಿದೆಯೇ ಅಂತಷ್ಟೇ ನೋಡಿ.
ತುಳುವಿನಲ್ಲಿ ಅದು ಬಾಜೆಲ್.
ಹೇಳುವಾಗ ನಾಲಿಗೆ ಅಂಗಳಕ್ಕೆ ಅಂಟಿತು.

"ನಿಲ್ಲು," ಅಂದ ಐತಪ್ಪ. "ಯಾರಾದರೂ ಕೊಟ್ಟರಾ?"
ಹುಳಿರಸ. ಸ್ಪಂಜಿಗೆ ಅದ್ದಿ, ಕೋಲಿಗೆ ಸಿಕ್ಕಿಸಿ.
"ಹುಳಿಯೆದ್ದ ಕಳ್ಳೇ?"
ಅರ್ಧ ಎದ್ದು ಕೂತ. ಯಂತ್ರ ಕಿರುಚಿತು.
"ನಲವತ್ತು ವರ್ಷ ಮೂರ್ತೆ ಮಾಡಿದ್ದೇನೆ,
ಅಬಕಾರಿಯವನಿಗೂ ಅಂಥದ್ದು ಕೊಟ್ಟವನಲ್ಲ!"
ಸ್ವೀಡಲ್ ಓಡಿ ಬಂದು ಕೊಳವೆ ನೆಟ್ಟಗೆ ಮಾಡಿದಳು.
ಬಹಳ ಹೊತ್ತಿನ ಮೇಲೆ, ಸೂರು ನೋಡುತ್ತ:
"ಮರದ ಮೇಲಿನ ಬಾಜೆಲ್ ನನಗೆ ಗೊತ್ತು.
ಕೆಳಗೆ ಊರೇ ಇರುತ್ತದೆ.
ಬಾವಿಯೂ ಕಾಣುತ್ತದೆ."

ಅವನ ಫ್ಲಾಸ್ಕಿನಲ್ಲಿ ಆ ಹೊತ್ತಿನ ಪಾಲು ಎರಡು ಮಂಜುಗಡ್ಡೆ.
ಒಂದನ್ನು ಮುಚ್ಚಳಕ್ಕೆ ಹಾಕಿ, ಸ್ವೀಡಲಳ ಕೈಯಲ್ಲಿ ಈಚೆಗೆ ಕಳಿಸಿದ.
ಯಾರಿಗೆ ಅಂತ ಹೇಳಲಿಲ್ಲ.
ನಾನು ಬಾಯಿಗೆ ಹಾಕಿಕೊಂಡೆ.
ಕಣ್ಣು ಮುಚ್ಚಬೇಕೆಂದು ಹೊಳೆಯಲೇ ಇಲ್ಲ.

ಮೊನ್ನೆ ಆಚೆ ಹಾಸಿಗೆಗೆ ಹೊಸಬ ಬಂದ. ಉಳ್ಳಾಲದ ಶಮೂನ್,
ಹತ್ತೊಂಬತ್ತು ವರ್ಷ, ಮುಖ ಗೋಡೆಗೆ,
ನೀರು ಕೊಡದ ಅಮ್ಮನಿಗೆ ಬೈಗುಳ.
ಐತಪ್ಪ ಅವನಿಗೆ ಹೇಳುತ್ತಿದ್ದ:
ಒಬ್ಬನಿದ್ದನಂತೆ, ಭಾರೀ ಪಾಪದವನು,
ಒಂದು ಇರುವೆಗೂ ಉಪದ್ರ ಕೊಟ್ಟವನಲ್ಲ.
ಪೊಲೀಸರು ಹಿಡಿದು, ಕದ್ರಿ ಗುಡ್ಡೆ ಹತ್ತಿಸಿ,
ತಾಳೆಮರದ ತುದಿಗೆ ಕಟ್ಟಿದರಂತೆ.
ಬಾಜೆಲ್ ಅಂದನಂತೆ, ನಿನ್ನ ಹಾಗೆ ಬೊಬ್ಬೆ ಹಾಕಿ ಅಲ್ಲ, ಸಣ್ಣಕೆ.
ಆಗ ಜನರನ್ನು ಸೀಳಿಕೊಂಡು ಒಬ್ಬಳು ಹೆಂಗಸು ಬಂದಳಂತೆ,
ಚೆಂಬಿನಲ್ಲಿ ನೀರು,
ಅಂಗೈಯಲ್ಲಿ ಬೆಲ್ಲದ ತುಂಡು...

ಹುಡುಗ ಗೋಡೆಯಿಂದ ಇತ್ತ ತಿರುಗಿದ.
ಐತಪ್ಪ ನನ್ನತ್ತ ನೋಡಿದ, ಸರಿಯಾ ಅನ್ನುವ ಹಾಗೆ.
ಕಿಸೆಯಲ್ಲಿ ಕೆಂಪು ಪೆನ್ನು ಈಗಲೂ ಇದೆ, ಅಭ್ಯಾಸ.
ತಾಳೆಮರ ಅಲ್ಲ. ಕದ್ರಿ ಅಲ್ಲ. ಬೆಲ್ಲ ಯಾರೂ ತರಲಿಲ್ಲ.

"ಹೇಳು ಮಾರಾಯ," ಅಂದೆ.
"ಕುಡಿದನಾ?"